ಜೀಪು ಬೆಟ್ಟ ಏರಿತು, ದೇಹ ಏರಿತೇ?

ಚಳಿಗಾಲ ಬಂತೆಂದರೆ ನಮ್ಮ ಯುವಕ ಯುವತಿಯರಿಗೆ ಈಚಿನ ವರ್ಷಗಳಲ್ಲಿ ಒಂದು ಹೊಸ ಹುಚ್ಚು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹಾಯುವ ಜೀಪೊಂದನ್ನು ಗೊತ್ತು ಮಾಡಿಕೊಂಡು, ನಾಲ್ಕೈದು ಮಂದಿ ಸ್ನೇಹಿತರು ಡೇರೆ, ಸ್ಟೌ, ಕಂಬಳಿಗಳನ್ನು ಹೇರಿಕೊಂಡು ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೊರಡುತ್ತಾರೆ. ಹಿಮ ಬಿದ್ದ ಮೇಲೆಯೇ ಹೋಗಬೇಕು, ಅದರಲ್ಲೇ ಮಜಾ ಎನ್ನುತ್ತಾರೆ. ಹುಚ್ಚು ಎಂದೆನಾದರೂ ಬೈಯುವುದು ನನ್ನ ಉದ್ದೇಶವಲ್ಲ. ವರ್ಷವಿಡೀ ಕುರ್ಚಿಯಲ್ಲಿ ಕುಳಿತು ಬೆನ್ನು ಬಾಗಿಸಿಕೊಂಡವರು ಹತ್ತು ದಿನ ಹಿಮಾಲಯದ ಗಾಳಿ ಕುಡಿದು ಬಂದರೆ ಸಂತೋಷವೇ. ನನ್ನ ತಕರಾರು ಇಷ್ಟೇ: ಸಿದ್ಧತೆಯೆಲ್ಲ ಜೀಪಿಗೆ ನಡೆಯುತ್ತದೆ, ಒಳಗೆ ಕೂರುವ ದೇಹಗಳಿಗೆ ಏನೂ ನಡೆಯುವುದಿಲ್ಲ. ಟೈರಿಗೆ ಸರಪಳಿ, ಎಳೆಯಲು ಹಗ್ಗ, ಹೆಚ್ಚಿನ ಡೀಸೆಲ್ ಎಲ್ಲವನ್ನೂ ಪಟ್ಟಿ ಮಾಡುವವರು ಮೂರನೆಯ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ.

ಸ್ವಲ್ಪ ಲೆಕ್ಕ ನೋಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಹಿಮಾಚಲದ ಮನಾಲಿ ಪೇಟೆಯೇ ಅದಕ್ಕಿಂತ ನೂರು ಮೀಟರಿಗೂ ಮೇಲಿದೆ! ಅಂದರೆ ಕುಮಾರ ಪರ್ವತ, ಮುಳ್ಳಯ್ಯನಗಿರಿ ಹತ್ತಿ ಇಳಿದವರಿಗೆ ಕಾಲು ಗಟ್ಟಿಯಾಗಿರಬಹುದು, ಎತ್ತರದ ಅನುಭವ ಆಗಿರುವುದಿಲ್ಲ. ಸ್ಪಿತಿಯ ಮುಖ್ಯ ಊರು ಕಾಜಾ 3,600 ಮೀಟರಿಗೂ ಮೇಲಿದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲಿಗಿಂತ ತುಸು ಕಡಿಮೆ. ನೀರು ಕುದಿಯುವುದೂ ಸುಮಾರು 88 ಡಿಗ್ರಿಯಲ್ಲೇ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದೇ ಇಲ್ಲವೆಂದು ಹೋಗಿ ಬಂದವರು ದೂರುವುದು ಇದಕ್ಕೇ. ಪ್ರೆಷರ್ ಕುಕ್ಕರ್ ಒಯ್ಯಿರಿ.

ಕಡಿಮೆ ಆಮ್ಲಜನಕಕ್ಕೆ ದೇಹ ಹೊಂದಿಕೊಳ್ಳುತ್ತದೆ. ಉಸಿರಾಟ ಆಳವಾಗುತ್ತದೆ, ರಕ್ತದ ಕ್ಷಾರ-ಆಮ್ಲಗಳ ಸಮತೋಲವನ್ನು ಮೂತ್ರಪಿಂಡಗಳು ಹೊಸದಾಗಿ ಹೊಂದಿಸುತ್ತವೆ. ಆದರೆ ಇದಕ್ಕೆ ದಿನಗಳು ಬೇಕು, ಗಂಟೆಗಳು ಸಾಲವು. ಕಾಲ್ನಡಿಗೆಯಲ್ಲಿ ಹೋಗುವ ಕುರಿಗಾಹಿಗೆ ಆ ದಿನಗಳು ತಾನಾಗಿ ಸಿಗುತ್ತವೆ. ಜೀಪು ಅದನ್ನು ಕಸಿದುಕೊಳ್ಳುತ್ತದೆ. ಯೌವನವಾಗಲಿ ವ್ಯಾಯಾಮವಾಗಲಿ ಇಲ್ಲಿ ರಕ್ಷಣೆಯಲ್ಲ. ಮ್ಯಾರಥಾನ್ ಓಡುವ ಹುಡುಗ ತಲೆ ಹಿಡಿದು ಮಲಗಿ, ಅವನ ಜೊತೆ ಹೋದ ಸಣಕಲು ಸ್ನೇಹಿತ ಚಹಾ ಕಾಯಿಸಿ ಕೊಡುವುದುಂಟು.

ಎತ್ತರದ ಕಾಯಿಲೆಯ ಮೊದಲ ಲಕ್ಷಣಗಳು ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ, ಸುಸ್ತು, ತಲೆ ತಿರುಗುವುದು. ಇಷ್ಟೇ ಇದ್ದರೆ ಅಲ್ಲೇ ತಂಗಿ ವಿಶ್ರಾಂತಿ ತೆಗೆದುಕೊಂಡರೆ ಒಂದೆರಡು ದಿನಗಳಲ್ಲಿ ಸಾಮಾನ್ಯವಾಗಿ ಸರಿಹೋಗುತ್ತದೆ. ಅದನ್ನು ಲೆಕ್ಕಿಸದೆ ಮೇಲೇರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಬಾತುಕೊಳ್ಳಬಹುದು. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ತುಟಿ ನೀಲಿಗಟ್ಟುವುದು ಮೊದಲನೆಯದರ ಗುರುತು. ಕುಡಿದವರಂತೆ ತೂರಾಡುವುದು, ಅಸಂಬದ್ಧ ಮಾತು ಎರಡನೆಯದರದು. ಗೆಳೆಯನನ್ನು ನೆಲದ ಮೇಲಿನ ಒಂದು ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗುವಂತೆ ನಡೆಸಿ ನೋಡಿ. ತಪ್ಪು ಹೆಜ್ಜೆ ಇಟ್ಟರೆ ಬೆಳಗಾಗಲೆಂದು ಕಾಯಬೇಡಿ. ಇವೆರಡೂ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲವು. ಆಮ್ಲಜನಕ ಕೊಡುವುದು, ಕೆಳಗೆ ಇಳಿಸುವುದು, ಆಸ್ಪತ್ರೆಗೆ ಮುಟ್ಟಿಸುವುದು ಬಿಟ್ಟು ಬೇರೆ ಮಾತಿಲ್ಲ.

ಪರ್ವತ ವೈದ್ಯರು ಹೇಳುವ ನಿಯಮ ಸರಳವಾದದ್ದು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ತಂಗಬೇಕು. ಮನಾಲಿಯಿಂದ ಕುಂಜುಮ್ ಕಣಿವೆಮಾರ್ಗದ ಮೂಲಕ ಕಾಜಾಕ್ಕೆ ಹೋಗುವ ದಾರಿ ಚಳಿಗಾಲದಲ್ಲಿ ಮುಚ್ಚಿರುತ್ತದೆ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೂ ಅದು ಬದಲಾಗಿಲ್ಲ, ಏಕೆಂದರೆ ಕುಂಜುಮ್ ಇರುವುದು ಸುರಂಗದ ಆಚೆ. ಹಾಗಾಗಿ ಶಿಮ್ಲಾ, ಕಿನ್ನೌರ್ ಮಾರ್ಗವೇ ಗತಿ. ಇದೊಂದು ವರವೆಂದೇ ತಿಳಿಯಿರಿ. ಶಿಮ್ಲಾದಲ್ಲಿ ಒಂದು ರಾತ್ರಿ, ಸುಮಾರು 2,960 ಮೀಟರಿನ ಕಲ್ಪಾದಲ್ಲಿ ಎರಡು ರಾತ್ರಿ, ಸುಮಾರು 3,280 ಮೀಟರಿನ ತಾಬೋದಲ್ಲಿ ಒಂದು, ಸಾಧ್ಯವಾದರೆ ಎರಡು ರಾತ್ರಿ, ಆಮೇಲೆ ಕಾಜಾ. ತಾಬೋದ ಮಣ್ಣಿನ ಬೌದ್ಧ ವಿಹಾರ ಸಾವಿರ ವರ್ಷ ಹಳೆಯದು, 996ರಲ್ಲಿ ಕಟ್ಟಿದ್ದು. ಅದನ್ನು ನೋಡಲಾದರೂ ಒಂದು ದಿನ ನಿಲ್ಲಬಾರದೆ? ಅಸೆಟಜೋಲಮೈಡ್ ಎಂಬ ಮಾತ್ರೆ ಹೊಂದಿಕೆಗೆ ನೆರವಾಗುತ್ತದೆ. ಹೊರಡುವ ಮೊದಲು ನಿಮ್ಮ ವೈದ್ಯರನ್ನು ಕೇಳಿ, ಸಲ್ಫಾ ಔಷಧಿಗಳು ಒಗ್ಗದಿದ್ದರೆ ಅವರಿಗೆ ತಿಳಿಸಿ. ಮಾತ್ರೆ ನುಂಗಿದೆನೆಂದು ಎರಡು ದಿನದ ದಾರಿಯನ್ನು ಒಂದೇ ದಿನದಲ್ಲಿ ಏರುವುದು ಮಾತ್ರ ಬೇಡ.

'ತಲೆ ನೋವು ಬಂದರೆ ಜೀಪಿದೆಯಲ್ಲ, ಇಳಿದುಬಿಟ್ಟರಾಯಿತು' ಎನ್ನುವವರುಂಟು. ನಕ್ಷೆಯನ್ನು ಇನ್ನೊಮ್ಮೆ ನೋಡಿ. ಕಾಜಾದಿಂದ ಕಿನ್ನೌರಿನತ್ತ ಇಳಿಯುವ ರಸ್ತೆ ತಾಬೋ ದಾಟಿದ ಮೇಲೆ ಮತ್ತೆ ನಾಕೋ ಕಡೆಗೆ 3,600 ಮೀಟರಿನ ಆಸುಪಾಸಿಗೆ ಏರಿ, ಆಮೇಲೆಯೇ ಸತ್ಲೆಜ್ ನದಿಯ ಆಳಕ್ಕೆ ಇಳಿಯುತ್ತದೆ. ಇಳಿಯಲು ಏರಬೇಕಾದ ದಾರಿ ಇದು! ಹಿಮವೋ ಕುಸಿತವೋ ರಸ್ತೆ ಕಟ್ಟಿತೆಂದರೆ ಯಾವ ಜೀಪೂ ಹಾರುವುದಿಲ್ಲ. ಇನ್ನೊಂದು ಮಾತು. ನಾಲ್ಕು ಚಕ್ರದ ಬಲ ಹಿಮದಲ್ಲಿ ಮುಂದಕ್ಕೆ ಹೋಗಲು ಸಹಾಯಕ, ನಿಲ್ಲಲು ಅಲ್ಲ. ಮಂಜುಗಡ್ಡೆಯ ಮೇಲೆ ಬ್ರೇಕು ಹಾಕಿದಾಗ ಎಲ್ಲ ವಾಹನವೂ ಒಂದೇ.

ನನ್ನ ಅಭಿಪ್ರಾಯದಲ್ಲಿ ಇಂಥ ಪ್ರವಾಸದ ಅತಿ ದೊಡ್ಡ ಅಪಾಯ ಸ್ನೇಹ. ವಿಚಿತ್ರವೆನಿಸಬಹುದು. ಆದರೆ ಐದು ಮಂದಿ ರಜೆ ಹೊಂದಿಸಿ, ಹಣ ಕೂಡಿಸಿ ಹೊರಟಿರುವಾಗ 'ನನಗೆ ತಲೆ ಸಿಡಿಯುತ್ತಿದೆ, ಇಲ್ಲೇ ನಿಲ್ಲೋಣ' ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಹೇಳಿದವನನ್ನು ಉಳಿದವರು ಗೇಲಿ ಮಾಡುತ್ತಾರೆ. ಅವನೂ ನೋವಿನ ಮಾತ್ರೆ ನುಂಗಿ ನಗುತ್ತಾನೆ. ಆದ್ದರಿಂದ ಮನೆಯಲ್ಲೇ, ಬ್ಯಾಗು ಕಟ್ಟುವ ಮೊದಲೇ, ಒಂದು ಕರಾರು ಆಗಬೇಕು: ಯಾರೊಬ್ಬರಿಗೆ ಆರಾಮವಿಲ್ಲದಿದ್ದರೂ ಜೀಪು ಅಂದು ಮೇಲೆ ಹೋಗುವುದಿಲ್ಲ, ಅದಕ್ಕೆ ಚರ್ಚೆಯಿಲ್ಲ. ಕಾಯಿಲೆ ಬಿದ್ದವನನ್ನು ಡೇರೆಯಲ್ಲಿ ಒಬ್ಬನೇ ಬಿಟ್ಟು ಉಳಿದವರು ಫೋಟೋ ತೆಗೆಯಲು ಹೋಗುವಂತಿಲ್ಲ. ಈ ಕರಾರಿಗೆ ಒಪ್ಪದ ಗೆಳೆಯರ ಜೊತೆ ಗೋವಾಕ್ಕೆ ಹೋಗಿ.

ಈಗ ತಲೆನೋವಿಗೆ ಇನ್ನೊಂದು ಕಾರಣ. ಅದು ಎತ್ತರಕ್ಕಿಂತ ಕಳ್ಳತನದ್ದು. ಜನವರಿಯ ರಾತ್ರಿ ಸ್ಪಿತಿಯಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಕ್ಕೂ ಇಳಿಯುತ್ತದೆ. ಚಳಿ ತಡೆಯದೆ ಡೇರೆಯೊಳಗೆ ಇದ್ದಿಲ ಅಗ್ಗಿಷ್ಟಿಕೆ ಇಡುವುದು, ಗ್ಯಾಸ್ ಸ್ಟೌ ಉರಿಸಿ ಜಿಪ್ ಎಳೆಯುವುದು, ಎಂಜಿನ್ ಚಾಲೂ ಇಟ್ಟು ಜೀಪಿನಲ್ಲೇ ಮಲಗುವುದು ನಡೆಯುತ್ತದೆ. ಇವೆಲ್ಲದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲೇ ಆಮ್ಲಜನಕ ಕಡಿಮೆ ಇರುವ ಜಾಗದಲ್ಲಿ ಅದರ ಪರಿಣಾಮ ಊಹಿಸಿಕೊಳ್ಳಿ. ತಲೆನೋವು, ವಾಕರಿಕೆ, ಮಂಪರು: ಲಕ್ಷಣಗಳೂ ಎತ್ತರದ ಕಾಯಿಲೆಯಂತೆಯೇ! 'ಎತ್ತರಕ್ಕೆ ಬಂದಿದ್ದೇವಲ್ಲ' ಎಂದು ಸಮಾಧಾನ ಮಾಡಿಕೊಂಡು ಮಲಗಿದವರು ಏಳುವುದಿಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಗಿರಿಧಾಮದಲ್ಲಿ ಹಿಮಪಾತಕ್ಕೆ ಸಿಕ್ಕಿ ರಸ್ತೆಯಲ್ಲೇ ನಿಂತ ವಾಹನಗಳಲ್ಲಿ 20ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಚಳಿಯ ಜೊತೆ ಈ ಅನಿಲವೂ ಕಾರಣವೆನ್ನಲಾಯಿತು. ಹಿಮದಲ್ಲಿ ಸಿಕ್ಕಿಕೊಂಡರೆ ಹೊಗೆ ಕೊಳವೆಯ ಬಾಯಿಂದ ಹಿಮ ತೆಗೆಯದೆ ಎಂಜಿನ್ ಚಾಲೂ ಮಾಡಬೇಡಿ. ತೆಗೆದ ಮೇಲೂ ಗಂಟೆಗೆ ಹತ್ತು ನಿಮಿಷ ಸಾಕು, ಗಾಳಿ ಬೀಸುವ ಕಡೆಯದಲ್ಲದ ಗಾಜನ್ನು ಬೆರಳಿನಷ್ಟು ಇಳಿಸಿಡಿ, ಎಲ್ಲರೂ ಒಟ್ಟಿಗೆ ನಿದ್ದೆ ಮಾಡಬೇಡಿ.

ಸ್ಪಿತಿಯವರು ಚಳಿಗಾಲದಲ್ಲಿ ಡೇರೆ ಹಾಕಿಕೊಂಡು ಮಲಗುವುದಿಲ್ಲ. ದಪ್ಪ ಮಣ್ಣಿನ ಗೋಡೆಯ ಮನೆಯಲ್ಲಿ, ಹೊಗೆಯನ್ನು ಛಾವಣಿಯಾಚೆ ಕಳಿಸುವ ಕೊಳವೆಯಿರುವ ಒಲೆಯ ಸುತ್ತ ಕೂರುತ್ತಾರೆ. ಅವರ ಮನೆಗಳಲ್ಲಿ ಅತಿಥಿಗಳಿಗೂ ಜಾಗವುಂಟು. ಒಂದು ರಾತ್ರಿ ಡೇರೆಯ ಆಸೆ ತೀರಲೇಬೇಕೆಂದರೆ ಅಂಥ ಮನೆಯ ಅಂಗಳದಲ್ಲೇ ಹಾಕಿ.

ಬಾಟಲಿಯ ವಿಷಯ. ಬ್ರಾಂಡಿ ಮೈ ಬೆಚ್ಚಗಿಡುತ್ತದೆಂಬ ನಂಬಿಕೆ ವಿದ್ಯಾವಂತರಲ್ಲೂ ಹೋಗಿಲ್ಲ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಒಳಗಿನ ಶಾಖ ಹೊರಗೆ ಸೋರುವುದನ್ನೇ ನಾವು ಬೆಚ್ಚಗಾಯಿತೆಂದು ತಿಳಿಯುತ್ತೇವೆ. ನಿದ್ದೆಯಲ್ಲಿ ಉಸಿರಾಟವನ್ನೂ ಅದು ಕುಗ್ಗಿಸುತ್ತದೆ; ನಿದ್ದೆ ಮಾತ್ರೆಯದೂ ಇದೇ ಕಥೆ. ನಡುಗುವುದು ಒಳ್ಳೆಯ ಲಕ್ಷಣ, ದೇಹ ಹೋರಾಡುತ್ತಿದೆ ಎಂದರ್ಥ. ನಡುಗುತ್ತಿದ್ದವನು ಬೆಚ್ಚಗಾಗದೆಯೇ ನಡುಕ ನಿಲ್ಲಿಸಿ ತೊದಲತೊಡಗಿದರೆ ಗಾಬರಿಯಾಗಬೇಕು. ಒದ್ದೆ ಬಟ್ಟೆ ಬಿಚ್ಚಿ, ಒಣ ಉಣ್ಣೆ ಹೊದಿಸಿ, ವೈದ್ಯರಲ್ಲಿಗೆ ಒಯ್ಯಿರಿ. ಮರಗಟ್ಟಿದ ಬೆರಳನ್ನು ಹಿಮದಿಂದ ತಿಕ್ಕಬೇಡಿ, ಬೆಂಕಿಗೂ ಹಿಡಿಯಬೇಡಿ.

ಹೃದ್ರೋಗ, ಶ್ವಾಸಕೋಶದ ಕಾಯಿಲೆ, ತೀವ್ರ ರಕ್ತಹೀನತೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಹೊರಡಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು ಔಷಧಿಯನ್ನು ಒಳ ಅಂಗಿಯ ಜೇಬಿನಲ್ಲಿಟ್ಟುಕೊಳ್ಳಲಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗಕ್ಕೆ ಬಾರದು.

ಮನೆಯಲ್ಲಿ ಉಳಿದ ತಾಯಂದಿರಿಗೆ ಒಂದು ಮಾತು. ಮಗಳೋ ಮಗನೋ ಕಾಜಾದಿಂದ ಫೋನ್ ಮಾಡಿದಾಗ ನೀವು ಎಂದಿನಂತೆ 'ಊಟ ಆಯ್ತಾ?' ಎಂದೇ ಕೇಳಿ. ಅವರು ನಗಬಹುದು. ಆದರೆ ಆ ಎತ್ತರದಲ್ಲಿ ವೈದ್ಯನೂ ಕೇಳುವ ಪ್ರಶ್ನೆ ಅದೇ. 'ಹೊಟ್ಟೆ ತುಂಬ ತಿಂದೆ' ಎಂದರೆ ನೆಮ್ಮದಿಯಿಂದ ಮಲಗಿ. 'ಯಾಕೋ ಬೇಡ ಅನ್ನಿಸ್ತಮ್ಮ' ಎಂದರೆ ಇನ್ನೆರಡು ಪ್ರಶ್ನೆ ಕೇಳಿ: ತಲೆನೋವಿದೆಯಾ? ನಾಳೆ ಎಲ್ಲಿ ಮಲಗ್ತೀರಿ?