ಕಾಳಿಂಗರಾಯರ ಮೇಲೆ ಸಲ್ಲದ ಆರೋಪ

ಗಾಯಕ ಪಿ. ಕಾಳಿಂಗರಾವ್ ಜನಪದ ಗೀತೆಗಳಿಗೆ ವಾದ್ಯಮೇಳ ಹಚ್ಚಿ, ಮೂರು ನಿಮಿಷಕ್ಕೆ ಕತ್ತರಿಸಿ, ಅವುಗಳ ಸತ್ವವನ್ನೇ ಕೊಂದರು ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಧಾಟಿ ಬದಲಾದದ್ದು ನಿಜ. ಉಳಿದದ್ದನ್ನು ಒಪ್ಪಲಾರೆ.

ಮೂರು ನಿಮಿಷದ ಮಿತಿ ಅವರದಲ್ಲ, 78 ಆರ್‌ಪಿಎಂ ತಟ್ಟೆಯದು. ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದೇ ಹೆಚ್ಚುಕಡಿಮೆ ಅಷ್ಟು. ಹಿಂದೂಸ್ತಾನಿ ದಿಗ್ಗಜರೂ ಅದೇ ಮಿತಿಯಲ್ಲಿ ರಾಗ ಹಾಡಿದರು. ಅವರು ರಾಗವನ್ನು ಕೊಂದರೆಂದು ಯಾರೂ ದೂರುವುದಿಲ್ಲ.

ಸತ್ವ ಕೊಂದರೆಂಬ ಮಾತಿಗೆ ಬಂದರೆ, ಜನಪದದ ಬೀಸುವ ಪದ ಮೌನವಾದದ್ದು ಗ್ರಾಮಫೋನಿನಿಂದಲ್ಲ. ಹಿಟ್ಟಿನ ಗಿರಣಿ ಊರಿಗೆ ಬಂತು, ಬೀಸುಕಲ್ಲು ಮೂಲೆ ಸೇರಿತು. ಕೆಲಸವೇ ಹೋದ ಮೇಲೆ ಅದರ ಹಾಡಿಗೆ ನೆಲೆಯೆಲ್ಲಿ? ಇನ್ನು ಮೂಲ ಪಾಠ ಬೇಕೆಂದವರಿಗೆ ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲೇ ಅಚ್ಚಾಗಿತ್ತು. ಸಂಗ್ರಹಿಸುವುದು ಅವರ ಕೆಲಸ, ಹಾಡುವುದು ಕಾಳಿಂಗರಾಯರ ಕೆಲಸ. ಒಂದು ಇನ್ನೊಂದನ್ನು ಅಳಿಸಲಿಲ್ಲ.

ಲೇಖನ ಪೂರ್ತಿ ಮರೆತ ಸಂಗತಿಯೇ ನನಗೆ ಮುಖ್ಯ. 1914ರಲ್ಲಿ ಆರೂರಿನಲ್ಲಿ ಹುಟ್ಟಿದ ಕಾಳಿಂಗರಾಯರು ನಾಟಕ ಕಂಪನಿಯಲ್ಲಿ ಪಳಗಿದವರು. ಕೊನೆಯ ಸಾಲಿನಲ್ಲಿ ಕೂತವನಿಗೂ ಮಾತು ತಲುಪಬೇಕೆಂಬ ಹಟ ಅವರ ಗಾಯನದಲ್ಲಿ ಕಡೆಯವರೆಗೂ ಇತ್ತು. ಸಹಗಾಯಕಿಯರಾದ ಮೋಹನಕುಮಾರಿ, ಸೋಹನಕುಮಾರಿಯರ ದನಿ ಜೊತೆಗೂಡಿದಾಗಲೂ ಅಕ್ಷರ ಮಸುಕಾಗಲಿಲ್ಲ. ಬೇಂದ್ರೆಯವರ ಕವಿತೆ, ರಾಜರತ್ನಂ ಅವರ ರತ್ನನ ಪದಗಳು ಪುಸ್ತಕವಿಲ್ಲದ ಮನೆಗಳಿಗೂ ಹೋದದ್ದು ಹಾಗೆ. ರತ್ನನ ಒರಟು ಆಡುಮಾತನ್ನು ಅವರು ತಿದ್ದಲಿಲ್ಲ, ನಯಗೊಳಿಸಲಿಲ್ಲ. ಹಳ್ಳಿಯ ನುಡಿಗೆ ನಾಚದೆ ನಗರದ ವೇದಿಕೆಯಲ್ಲಿ ಅದನ್ನು ಎತ್ತಿ ಹಾಡಿದವರನ್ನೇ ಅದರ ವೈರಿಯೆನ್ನುವುದು ಅನ್ಯಾಯ.