ಕೊಟ್ಟ ಪತ್ರಕ್ಕೆ ಬೆಲೆ ಇಲ್ಲವೇ?

ಎರಡು ತಿಂಗಳ ಹಿಂದಿನ ಸಂಚಿಕೆಯ ‘ಅಭಿನಂದನೆ’ ಅಂಕಣದಲ್ಲಿ ನನ್ನ ಮಗಳ ಭಾವಚಿತ್ರ ಅಚ್ಚಾಗಿತ್ತು. ಬೆಂಗಳೂರಿನ ದೊಡ್ಡ ಕಂಪನಿಯೊಂದರಲ್ಲಿ ಆಕೆಗೆ ಕೆಲಸ ದೊರೆತಿದೆಯೆಂದೂ, ಕತಾರ್‌ಗಾಮಿನ ಕನ್ನಡ ಕುಟುಂಬಗಳಿಗೆಲ್ಲ ಇದು ಹೆಮ್ಮೆಯ ವಿಷಯವೆಂದೂ ಸಂಪಾದಕರು ಪ್ರೀತಿಯಿಂದ ನಾಲ್ಕು ಸಾಲು ಬರೆದಿದ್ದರು. ಆ ನಾಲ್ಕು ಸಾಲುಗಳು ಈಗ ಸುಳ್ಳಾಗಿವೆ.

ಕೆಲಸಕ್ಕೆ ಹಾಜರಾಗಬೇಕಾದ ದಿನಕ್ಕೆ ಐದು ದಿನ ಮೊದಲು, ರಾತ್ರಿ ಒಂಬತ್ತೂವರೆಗೆ, ನಾವು ಊಟಕ್ಕೆ ಕುಳಿತಿದ್ದಾಗ ಅವಳ ಫೋನಿಗೆ ಈಮೇಲ್ ಬಂತು. ಬದಲಾದ ವ್ಯವಹಾರದ ಅಗತ್ಯಗಳ ಕಾರಣ ಪತ್ರವನ್ನು ಹಿಂಪಡೆದಿದ್ದಾರಂತೆ. ಮುಂದಿನ ಬಾಳಿಗೆ ಶುಭ ಹಾರೈಸುತ್ತಾರಂತೆ. ಆ ಹೊತ್ತಿಗೆ ಆಕೆ ವಡೋದರೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಮೂರು ತಿಂಗಳ ನೋಟಿಸನ್ನು ಒಂದು ದಿನವೂ ತಪ್ಪಿಸದೆ ಮುಗಿಸಿ, ಮನೆಗೆ ಬಂದಾಗಿತ್ತು. ಬೆಂಗಳೂರಿನಲ್ಲಿ ಕೋಣೆಗೆ ಮುಂಗಡ ಕಟ್ಟಿಯಾಗಿತ್ತು. ಜೋಧ್‌ಪುರ-ಬೆಂಗಳೂರು ಗಾಡಿಗೆ ನಾವಿಬ್ಬರೂ ಟಿಕೆಟ್ ತೆಗೆಸಿದ್ದೆವು. ದಾರಿಯಲ್ಲಿ ಹುಬ್ಬಳ್ಳಿಯಲ್ಲಿ ಇಳಿದು ಅಜ್ಜಿಗೆ ನಮಸ್ಕಾರ ಮಾಡಿ ಮುಂದೆ ಹೋಗುವುದೆಂದು ಲೆಕ್ಕ.

ತಿದ್ದುಪಡಿ ಹಾಕಿರೆಂದು ಸಂಪಾದಕರನ್ನು ಕೇಳಿದೆ. ಅವರು ಸಂಕೋಚಪಟ್ಟರು. ಸಂಘದ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ಸುಮ್ಮ ಇದ್ದುಬಿಡ್ರೀ. ಹೆಣ್ಣುಮಗಳ ವಿಷಯ. ನಾಳೆ ಸಂಬಂಧ ನೋಡೋ ಹೊತ್ತಿಗೆ, ಬ್ಯಾಡಾಗಿದ್ದಕ್ಕ ಬಿಟ್ಟಾರ ಅಂತ ಜನ ಮಾತಾಡ್ತಾರ” ಎಂದರು. ಅವರ ಕಾಳಜಿ ಪ್ರಾಮಾಣಿಕವಾದದ್ದು. ಆದರೆ ಆ ಮಾತು ಕೇಳಿದ ಮೇಲೆಯೇ ಈ ಲೇಖನ ಬರೆಯಬೇಕೆಂದು ನಿಶ್ಚಯಿಸಿದೆ. ಮಾತು ಮುರಿದವರು ಯಾರೋ, ತಲೆ ತಗ್ಗಿಸಬೇಕಾದವಳು ನನ್ನ ಮಗಳೋ? ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಕಂಪನಿಯ ಹೆಸರು ಹೇಳುವುದಿಲ್ಲ. ಒಬ್ಬರ ಮೇಲೆ ಹಗೆ ಸಾಧಿಸಿ ಪ್ರಯೋಜನವಿಲ್ಲ, ಏಕೆಂದರೆ ಇದು ಒಬ್ಬರ ಕೆಟ್ಟ ನಡತೆಯಾಗಿ ಉಳಿದಿಲ್ಲ, ಪದ್ಧತಿಯೇ ಆಗಿಹೋಗಿದೆ. ನಮ್ಮ ಬೆಂಗಳೂರಿನ ಹೆಮ್ಮೆಯ ಸಂಸ್ಥೆಗಳನ್ನೇ ನೋಡಿ. 2023ರ ಫೆಬ್ರವರಿಯಲ್ಲಿ ವಿಪ್ರೋ, ವರ್ಷಕ್ಕೆ 6.5 ಲಕ್ಷ ರೂಪಾಯಿ ಕೊಡುವುದಾಗಿ ಹೇಳಿ ತಿಂಗಳುಗಟ್ಟಲೆ ಕಾಯಿಸಿದ್ದ ಹೊಸಬರಿಗೆ, 3.5 ಲಕ್ಷಕ್ಕೆ ಒಪ್ಪುವುದಾದರೆ ಈಗಲೇ ಬನ್ನಿ ಎಂದು ಬರೆಯಿತು. ಸಂತೆಯಲ್ಲಿ ತರಕಾರಿ ಚೌಕಾಶಿಯೂ ಇಷ್ಟು ಕೆಳಗಿಳಿಯುವುದಿಲ್ಲ. ಇನ್ಫೋಸಿಸ್ 2022ರಲ್ಲಿ ಕಾಲೇಜುಗಳಿಂದ ಆರಿಸಿಕೊಂಡ ಸುಮಾರು ಎರಡು ಸಾವಿರ ಮಕ್ಕಳು ಎರಡು ವರ್ಷ ಕಾದರು. ನೌಕರರ ಸಂಘಟನೆಯೊಂದು ದೂರು ಕೊಟ್ಟು, 2024ರ ಆಗಸ್ಟಿನಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ ಕರ್ನಾಟಕ ಸರ್ಕಾರಕ್ಕೆ ಕಾಗದ ಬರೆದ ಮೇಲೆ, ಆ ಅಕ್ಟೋಬರಿನಲ್ಲಿ ಅವರಿಗೆ ಬಾಗಿಲು ತೆರೆಯಿತು. ಆಮೇಲೆ 2025ರ ಫೆಬ್ರವರಿಯಲ್ಲಿ ಮೈಸೂರಿನ ತರಬೇತಿ ಕೇಂದ್ರದಿಂದ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು, ಒಳಪರೀಕ್ಷೆಯಲ್ಲಿ ಮೂರು ಸಲ ತೇರ್ಗಡೆಯಾಗಲಿಲ್ಲವೆಂದು, ಕಳುಹಿಸಿಬಿಟ್ಟರು. ನಿಯಮ ಮೊದಲೇ ತಿಳಿಸಿದ್ದೆವು ಎಂಬುದು ಕಂಪನಿಯ ವಾದ. ಇರಬಹುದು. ಆದರೆ ಎರಡು ವರ್ಷ ಕಾಯಿಸಿದ್ದಕ್ಕೆ ಲೆಕ್ಕ ಒಪ್ಪಿಸಬೇಕೆಂಬ ನಿಯಮವನ್ನು ಯಾರೂ ಯಾರಿಗೂ ತಿಳಿಸಿರಲಿಲ್ಲ.

ಸರ್ಕಾರವಾದರೂ ಯಾವ ಮೇಲ್ಪಂಕ್ತಿ ಹಾಕಿದೆ? ಕರ್ನಾಟಕ ಲೋಕಸೇವಾ ಆಯೋಗದ 2011ರ ತಂಡದ ಕತೆ ನಿಮಗೆ ನೆನಪಿರಬೇಕು. 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳು. 2014ರಲ್ಲಿ ಆಯ್ಕೆಪಟ್ಟಿ ಬಂತು. ಅದೇ ಆಗಸ್ಟಿನಲ್ಲಿ, ಅಕ್ರಮಗಳ ಆರೋಪದ ಮೇಲೆ, ಸರ್ಕಾರ ಇಡೀ ಪಟ್ಟಿಯನ್ನೇ ಬಿಟ್ಟುಕೊಟ್ಟಿತು. 2016ರಲ್ಲಿ ಆಡಳಿತ ನ್ಯಾಯಮಂಡಳಿ ಅಭ್ಯರ್ಥಿಗಳ ಪರ ಹೇಳಿತು. 2018ರಲ್ಲಿ ಹೈಕೋರ್ಟು ಅದನ್ನು ತಳ್ಳಿಹಾಕಿತು, ಸುಪ್ರೀಂ ಕೋರ್ಟೂ ಹೈಕೋರ್ಟಿನ ಮಾತನ್ನೇ ಎತ್ತಿಹಿಡಿಯಿತು. 2022ರಲ್ಲಿ ವಿಧಾನಮಂಡಲ ಅವರಿಗಾಗಿಯೇ ಒಂದು ಕಾಯಿದೆ ಮಾಡಿತು! ಲಂಚ ಕೊಟ್ಟವನನ್ನು ಹಿಡಿದು ಶಿಕ್ಷಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಷ್ಟಪಟ್ಟು ಓದಿ ಪಾಸಾದವನೂ ಆ ಎಂಟು ವರ್ಷ ಊರಿನಲ್ಲಿ “ನೀನೂ ದುಡ್ಡು ಕೊಟ್ಟಿದ್ದೆಯಾ?” ಎಂಬ ನೋಟವನ್ನು ಎದುರಿಸಬೇಕಾಯಿತಲ್ಲ, ಅದಕ್ಕೆ ಯಾವ ಕಾಯಿದೆಯಲ್ಲಿ ಪರಿಹಾರವಿದೆ?

ಇನ್ನು ಕಾನೂನು ಏನು ಹೇಳುತ್ತದೆಂದು ವಕೀಲ ಮಿತ್ರರೊಬ್ಬರನ್ನು ಕೇಳಿದೆ. 1872ರ ಕರಾರು ಕಾಯಿದೆಯ ಐದನೆಯ ಸೆಕ್ಷನ್ ಪ್ರಕಾರ, ಎದುರಿನವರು ಒಪ್ಪಿಗೆ ತಿಳಿಸುವ ತನಕ ಮಾತ್ರ ಪ್ರಸ್ತಾಪವನ್ನು ಹಿಂಪಡೆಯಬಹುದು. ಒಪ್ಪಿಗೆ ಹೋದ ಮೇಲೆ ಅದು ಕರಾರು. ಅದನ್ನು ಮುರಿದರೆ 73ನೆಯ ಸೆಕ್ಷನ್ನಿನಂತೆ ನಷ್ಟ ತುಂಬಬೇಕು. ಕೇಳಲು ಎಷ್ಟು ಚೆನ್ನ! ಆದರೆ ಅದೇ ಉಸಿರಿನಲ್ಲಿ ಮಿತ್ರರು ಮುಂದಿನದನ್ನೂ ಹೇಳಿದರು. ಖಾಸಗಿ ಕಂಪನಿಗೆ ‘ಇವಳನ್ನು ಕೆಲಸಕ್ಕೆ ಇಟ್ಟುಕೋ’ ಎಂದು ಕೋರ್ಟು ಸಾಮಾನ್ಯವಾಗಿ ಆಜ್ಞೆ ಮಾಡುವುದಿಲ್ಲ. ನಷ್ಟ ಕೇಳಿದರೆ ಪತ್ರದ ಕೊನೆಯ ಪುಟ ತೋರಿಸುತ್ತಾರೆ; ಯಾವಾಗ ಬೇಕಾದರೂ, ಯಾವ ಕಾರಣಕ್ಕೆ ಬೇಕಾದರೂ ಹಿಂಪಡೆಯುವ ಹಕ್ಕು ತಮಗಿದೆಯೆಂದು ಅಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಬರೆದಿರುತ್ತದೆ. ಕಾರ್ಮಿಕ ಇಲಾಖೆಗೆ ಹೋಗೋಣವೆಂದರೆ, ಕೆಲಸಕ್ಕೇ ಸೇರದವಳು ಕಾರ್ಮಿಕಳೇ ಅಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಪ್ರತಿಯೊಬ್ಬ ನೌಕರನಿಗೂ ನೇಮಕ ಪತ್ರ ಕೊಡಬೇಕೆಂದಿದೆ. ಸಂತೋಷ. ಅದು ಹೊಸ್ತಿಲ ಒಳಗೆ ಕಾಲಿಟ್ಟವರ ಮಾತು. ಹೊಸ್ತಿಲ ಮೇಲೆ ನಿಲ್ಲಿಸಿ ಬಾಗಿಲು ಹಾಕಿಸಿಕೊಂಡವರದು ಯಾವ ಸಂಹಿತೆ?

ಈಗ ತಕ್ಕಡಿಯ ಇನ್ನೊಂದು ತಟ್ಟೆ ನೋಡಿ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಮ್ಮ ವಿಜಯಾ ಬ್ಯಾಂಕು 2019ರ ಏಪ್ರಿಲ್ ಒಂದರಂದು, 1908ರಲ್ಲಿ ವಡೋದರೆಯಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋಯಿತಷ್ಟೆ. (ಕನ್ನಡದ ನದಿ ಗುಜರಾತಿನ ಸಮುದ್ರ ಸೇರಿತೆಂದು ಆಗ ನಮ್ಮ ಸಭೆಗಳಲ್ಲಿ ಕಣ್ಣೀರು ಹಾಕಿದವರಿದ್ದರು, ಅದು ಬೇರೆ ಮಾತು.) ಆ ವಿಜಯಾ ಬ್ಯಾಂಕು ಅಧಿಕಾರಿಗಳಿಂದ ಒಂದು ಮುಚ್ಚಳಿಕೆ ಬರೆಸಿಕೊಳ್ಳುತ್ತಿತ್ತು: ಮೂರು ವರ್ಷಕ್ಕೆ ಮೊದಲು ಬಿಟ್ಟುಹೋದರೆ ಎರಡು ಲಕ್ಷ ರೂಪಾಯಿ ಕಟ್ಟಬೇಕು. 2009ರಲ್ಲಿ ಬಿಟ್ಟುಹೋದ ಅಧಿಕಾರಿಯೊಬ್ಬರು ಹಣ ಕಟ್ಟಿ, ಇದು ಅನ್ಯಾಯವೆಂದು ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಸುಪ್ರೀಂ ಕೋರ್ಟಿನ ತರ್ಕವೇನು? ಒಬ್ಬ ನೌಕರ ಅವಧಿಗೆ ಮುಂಚೆ ಹೋದರೆ ಬ್ಯಾಂಕು ಮತ್ತೆ ಜಾಹೀರಾತು ಕೊಟ್ಟು, ಪರೀಕ್ಷೆ ನಡೆಸಿ, ಬೇರೊಬ್ಬರನ್ನು ಆರಿಸಬೇಕು. ಅದಕ್ಕೆ ಕಾಲವೂ ಹಣವೂ ವ್ಯಯವಾಗುತ್ತದೆ. ಆದ್ದರಿಂದ ಆ ಷರತ್ತು ನ್ಯಾಯವಾದದ್ದೇ.

ನಾನು ಈ ತೀರ್ಪನ್ನು ಆಕ್ಷೇಪಿಸುವುದಿಲ್ಲ. ಅದನ್ನೇ ತಲೆಯ ಮೇಲಿಟ್ಟುಕೊಂಡು ಕೇಳುತ್ತೇನೆ: ನೌಕರ ಹೋದರೆ ಯಜಮಾನನಿಗಾಗುವ ಖರ್ಚಿಗೆ ಲೆಕ್ಕವಿದೆಯೆಂದ ಮೇಲೆ, ಯಜಮಾನ ಕೈಕೊಟ್ಟರೆ ನೌಕರಳಿಗಾಗುವ ಖರ್ಚಿಗೆ ಲೆಕ್ಕ ಏಕಿಲ್ಲ? ನನ್ನ ಮಗಳೂ ಮತ್ತೆ ಅರ್ಜಿ ಹಾಕಬೇಕು, ಮತ್ತೆ ಸಂದರ್ಶನಗಳಿಗೆ ಕೂರಬೇಕು, “ಹಿಂದಿನ ಕೆಲಸ ಏಕೆ ಬಿಟ್ಟಿರಿ?” ಎಂದು ಪ್ರತಿಯೊಬ್ಬರೂ ಅನುಮಾನದಿಂದ ಕೇಳುವಾಗ ಉತ್ತರ ಹೇಳಬೇಕು. ಕಾಲೇಜು ಮಕ್ಕಳ ಪಾಡು ಇನ್ನೂ ಕಷ್ಟ. ಒಂದು ಕಂಪನಿಯ ಪತ್ರ ಕೈಗೆ ಬಂದರೆ ಮುಂದಿನ ಕಂಪನಿಗಳ ಸಂದರ್ಶನಕ್ಕೆ ಕೂರಿಸುವುದಿಲ್ಲವೆಂಬ ನಿಯಮ ಎಷ್ಟೋ ಕಾಲೇಜುಗಳಲ್ಲಿದೆ. ಪತ್ರ ಕೊಟ್ಟವರು ಜೂನ್ ತಿಂಗಳಲ್ಲಿ ಕೈಯೆತ್ತಿದರೆ ಆ ಹುಡುಗ ಎಲ್ಲಿಗೆ ಹೋಗಬೇಕು? ಹೋದ ವರ್ಷವೇನೂ ಮರಳಿ ಬರುವುದಿಲ್ಲ.

ಇದು ಆಗದ ಹೋಗದ ಮಾತೆನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಮಿನ್ನೆಸೋಟದಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ಹೊಸ ಕೆಲಸದ ಮಾತು ನಂಬಿ ಹಳೆಯದಕ್ಕೆ ರಾಜೀನಾಮೆ ಕೊಟ್ಟರು, ಬಂದಿದ್ದ ಇನ್ನೊಂದು ಕೆಲಸವನ್ನೂ ಬೇಡವೆಂದರು. ಸೇರುವ ಹೊತ್ತಿಗೆ ಆ ಜಾಗಕ್ಕೆ ಬೇರೊಬ್ಬರು ಬಂದಿದ್ದರು. ಅಲ್ಲಿನ ಸುಪ್ರೀಂ ಕೋರ್ಟು 1981ರಲ್ಲಿ, ನಂಬಿಸಿದವರು ನಷ್ಟ ಕೊಡಬೇಕೆಂದಿತು. ಹೊಸ ಕೆಲಸದಲ್ಲಿ ಎಷ್ಟು ಸಿಗುತ್ತಿತ್ತು ಎಂಬ ಲೆಕ್ಕವನ್ನು ಅವರು ಹಿಡಿಯಲಿಲ್ಲ. ಬಿಟ್ಟ ಕೆಲಸ, ಬೇಡವೆಂದ ಕೆಲಸ, ಇವುಗಳಿಂದ ಎಷ್ಟು ಕಳೆದುಕೊಂಡರು ಎಂಬ ಲೆಕ್ಕ ಹಿಡಿದರು. ಬೇಕೆಂದಾಗ ತೆಗೆದುಹಾಕುವ ಹಕ್ಕು ಮಾಲೀಕನಿಗೆ ಧಾರಾಳವಾಗಿರುವ ದೇಶದಲ್ಲೇ ಇಷ್ಟು ಸಾಧ್ಯವಾದರೆ, ನಮ್ಮಲ್ಲಿ ಏಕಾಗದು?

ಕಳೆದ ಮಾಸಿಕ ಸಭೆಯಲ್ಲಿ ನಾನು ಈ ವಿಷಯ ಎತ್ತಿದಾಗ ಸದಸ್ಯರೊಬ್ಬರು, “ಕಂಪನಿಯೇನು ಧರ್ಮಛತ್ರವೇ? ನಮ್ಮ ಹುಡುಗರೂ ಮೂರು ಕಡೆಯ ಪತ್ರ ಜೇಬಿನಲ್ಲಿಟ್ಟುಕೊಂಡು ಕೊನೆಯ ದಿನ ಇಬ್ಬರಿಗೆ ಕೈಕೊಡುವುದಿಲ್ಲವೇ?” ಎಂದರು. ಕೊಡುತ್ತಾರೆ. ನಾನೇ ಕಂಡಿದ್ದೇನೆ, ಅದೂ ತಪ್ಪೇ. ಆದರೆ ಹುಡುಗ ಬರದಿದ್ದರೆ ಕಂಪನಿ ಪಟ್ಟಿಯಲ್ಲಿ ಮುಂದಿನ ಹೆಸರನ್ನು ಕರೆಯುತ್ತದೆ. ಕಂಪನಿ ಕರೆಯದಿದ್ದರೆ ಹುಡುಗನ ಮನೆಯಲ್ಲಿ ಒಲೆಯ ಪ್ರಶ್ನೆ. ಎರಡೂ ಕಡೆ ಮುಚ್ಚಳಿಕೆ ಇರಲಿ ಎನ್ನಿ, ನಾನು ಮೊದಲು ಸಹಿ ಹಾಕುತ್ತೇನೆ. ಈಗಿರುವುದು ಒಂದೇ ಕಡೆಯ ಹಗ್ಗ.

ಸೂರತ್ತಿನಲ್ಲಿ ಮೂವತ್ತು ವರ್ಷ ಕಳೆದ ನನಗೆ ಇನ್ನೊಂದು ಆಶ್ಚರ್ಯ. ನಮ್ಮ ಸುತ್ತಮುತ್ತಲೇ ವಜ್ರದ ಕಾರ್ಖಾನೆಗಳಿವೆ. ಇಲ್ಲಿನ ವ್ಯಾಪಾರಿಗಳು ಲಕ್ಷಗಟ್ಟಲೆ ಬೆಲೆಯ ಹರಳಿನ ಪೊಟ್ಟಣವನ್ನು ‘ಜಾಂಗಡ್’ ಎಂಬ ಒಂದು ಚೀಟಿಯ ಮೇಲೆ ಪರರ ಕೈಗೆ ಕೊಡುತ್ತಾರೆ: ನೋಡಿ, ಮೆಚ್ಚಿದರೆ ಕೊಳ್ಳಿ, ಇಲ್ಲವಾದರೆ ಹಿಂತಿರುಗಿಸಿ. ಅಲ್ಲಿಯೂ ಮೋಸಗಾರರಿದ್ದಾರೆ, ಪೊಲೀಸ್ ಠಾಣೆ ಕಂಡ ಚೀಟಿಗಳೂ ಇವೆ. ಆದರೂ ಚೀಟಿಗೆ ತಪ್ಪಿದವನನ್ನು ಬಜಾರು ಮರೆಯುವುದಿಲ್ಲ. ಅದೇ ಕಾರ್ಖಾನೆಯಲ್ಲಿ ಹರಳು ಉಜ್ಜುವ ರತ್ನಕಲಾಕಾರನಿಗೆ ಮಾತ್ರ ಎಷ್ಟೋ ಕಡೆ ಚೀಟಿಯೂ ಇಲ್ಲ, ದೀಪಾವಳಿ ರಜೆ ಮುಗಿದ ಮೇಲೆ ಕರೆ ಬಂದರೆ ಕೆಲಸ ಉಂಟು. ಕಲ್ಲಿಗಿರುವ ಕಾಗದ ಕಲ್ಲು ಉಜ್ಜುವವನಿಗಿಲ್ಲ. ನಮ್ಮ ಓದಿದ ಮಕ್ಕಳಿಗೆ ಹನ್ನೆರಡು ಪುಟದ ಪತ್ರವಿದೆ, ಅದರ ತೂಕವೂ ಅಷ್ಟೇ ಎಂದು ಈಗ ಗೊತ್ತಾಯಿತು.

ನಮ್ಮ ಬೇಡಿಕೆ ದೊಡ್ಡದಲ್ಲ. ಒಪ್ಪಿಗೆ ಪಡೆದ ಮೇಲೆ ಪತ್ರ ಹಿಂಪಡೆಯುವ ಕಂಪನಿ, ಆ ಅಭ್ಯರ್ಥಿ ಹಳೆಯ ಕೆಲಸದಲ್ಲಿ ಎಷ್ಟು ತಿಂಗಳ ನೋಟಿಸ್ ಕೊಡಬೇಕಾಯಿತೋ ಅಷ್ಟು ತಿಂಗಳ ಸಂಬಳವನ್ನು ಕೊಡಬೇಕೆಂದು ಕಾಯಿದೆಯಾಗಲಿ. ಇದಕ್ಕಾಗಿ ಕರ್ನಾಟಕದ ಕಾರ್ಮಿಕ ಸಚಿವರಿಗೆ ಒಂದು ಮನವಿಯನ್ನು ಸಂಘದ ಪರವಾಗಿ ಕಳುಹಿಸಬೇಕು. ರಾಜ್ಯೋತ್ಸವಕ್ಕೆ ಬರುವ ಮಂತ್ರಿಗಳಿಗೆ ನಾವು ವರ್ಷ ವರ್ಷ ಶಾಲು ಹೊದಿಸುತ್ತೇವೆ, ಒಂದು ವರ್ಷ ಶಾಲಿನ ಜೊತೆ ಅರ್ಜಿಯನ್ನೂ ಕೊಡೋಣ. ಇಲ್ಲಿ ಮನೆಮಟ್ಟಿಗೆ ಆಗಬೇಕಾದದ್ದೂ ಇದೆ. ನಮ್ಮಲ್ಲಿ ಇಬ್ಬರು ವಕೀಲರಿದ್ದಾರೆ. ತಿಂಗಳಿಗೊಂದು ಭಾನುವಾರ ಕುಳಿತು ಮಕ್ಕಳ ಪತ್ರ ಓದಿಕೊಡಲು ಇಬ್ಬರೂ ಒಪ್ಪಿದ್ದಾರೆ. ಸೇರುವ ದಿನಾಂಕವನ್ನು ಲಿಖಿತವಾಗಿ ಪಡೆಯದೆ ಯಾರೂ ಇದ್ದ ಕೆಲಸ ಬಿಡಬಾರದು. ನಾವು ಪಡೆದಿದ್ದೆವು, ಆದರೂ ಹೀಗಾಯಿತು. ಪಡೆಯದಿದ್ದವರಿಗೆ ಕೋರ್ಟಿನ ಮೆಟ್ಟಿಲು ಹತ್ತಲೂ ಕಾಗದವಿರುವುದಿಲ್ಲ. ಮತ್ತು ‘ಅಭಿನಂದನೆ’ ಅಂಕಣದಲ್ಲಿ ಇನ್ನು ಮುಂದೆ ಮೊದಲ ಸಂಬಳ ಬಂದ ಮೇಲೆ ಫೋಟೋ ಹಾಕುವುದು ಕ್ಷೇಮ. ನಾನು ಹಂಚಿದ ಪೇಢಾ ತಿಂದವರು ದಯವಿಟ್ಟು ಇದನ್ನು ತಮಾಷೆಯೆಂದು ಭಾವಿಸಬಾರದು.

ವಡೋದರೆಯ ಹಳೆಯ ಕಚೇರಿಯಲ್ಲಿ ಆಕೆಯ ಜಾಗಕ್ಕೆ ಬೇರೆಯವರು ಬಂದಾಗಿದೆ. ಕೋಣೆಯ ಮುಂಗಡದಲ್ಲಿ ಅರ್ಧ ವಾಪಸು ಬಂತು. ಹುಬ್ಬಳ್ಳಿಯ ಅಜ್ಜಿಗೆ ಇನ್ನೂ ಪೂರ್ತಿ ಹೇಳಿಲ್ಲ, “ತಾರೀಖು ಮುಂದಕ್ಕೆ ಹೋಗೇತಿ” ಎಂದಷ್ಟೇ ಹೇಳಿದ್ದೇವೆ.

ಸಂಪಾದಕರು ಕೊನೆಗೂ ತಿದ್ದುಪಡಿ ಹಾಕಲು ಒಪ್ಪಿದ್ದಾರೆ. ಅದರ ಒಕ್ಕಣೆಯನ್ನು ಮಗಳೇ ಬರೆದುಕೊಟ್ಟಿದ್ದಾಳೆ: “ನನಗೆ ಕೆಲಸ ಕೊಟ್ಟಿದ್ದ ಕಂಪನಿ ತನ್ನ ಪತ್ರವನ್ನು ಹಿಂಪಡೆದಿದೆ. ಬೇರೆ ಕೆಲಸ ಹುಡುಕುತ್ತಿದ್ದೇನೆ. ಲೆಕ್ಕಪತ್ರ ವಿಭಾಗದಲ್ಲಿ ನಾಲ್ಕು ವರ್ಷದ ಅನುಭವವಿದೆ. ಸೂರತ್, ವಡೋದರಾ, ಅಹಮದಾಬಾದುಗಳಲ್ಲಿ ಅವಕಾಶ ತಿಳಿದವರು ಸಂಘದ ಕಚೇರಿಗೆ ತಿಳಿಸಬೇಕಾಗಿ ವಿನಂತಿ.”