ಅಂಕಪಟ್ಟಿಗೆ ವೈಟ್ನರ್ ಬೇಡ

ನಮ್ಮ ಕಂಪ್ಯೂಟರ್ ಸೈನ್ಸ್ ತರಗತಿಯಲ್ಲಿ ಪ್ರಾಜೆಕ್ಟ್ ಎಂದ ಕೂಡಲೇ ಹಲವರು ಆರಿಸಿಕೊಳ್ಳುವುದು ವಿದ್ಯಾರ್ಥಿಗಳ ಅಂಕಪಟ್ಟಿಯನ್ನೇ. ರೋಲ್ ನಂಬರ್, ಹೆಸರು, ಅಂಕ ಇಷ್ಟನ್ನು ಒಂದು ಲಿಸ್ಟ್‌ನಲ್ಲಿ ಇಟ್ಟರೆ ಸಾಕು ಎಂದುಕೊಳ್ಳುತ್ತೇವೆ. ನನ್ನ ಅಭಿಪ್ರಾಯ ಬೇರೆ. ಒಮ್ಮೆ ಬರೆದ ಮೇಲೆ ಬದಲಾಗದ, ಅಂದರೆ ಇಮ್ಯೂಟಬಲ್ ಆದ ರೆಕಾರ್ಡ್‌ನಲ್ಲೇ ಅಂಕಗಳನ್ನು ಇಡಬೇಕು.

ಕಾರಣ ಇದು. ಪೈಥಾನ್‌ನಲ್ಲಿ 'ಹೊಸದು = ಹಳೆಯದು' ಎಂದು ಬರೆದರೆ ಲಿಸ್ಟ್‌ನ ನಕಲು ತಯಾರಾಗುವುದಿಲ್ಲ; ಒಂದೇ ಲಿಸ್ಟ್‌ಗೆ ಎರಡು ಹೆಸರು ಬರುತ್ತದೆ, ಅಷ್ಟೆ. ಮರುಮೌಲ್ಯಮಾಪನದ ನಂತರ 'ಹೊಸದು' ಲಿಸ್ಟ್‌ನಲ್ಲಿ 61 ಇದ್ದದ್ದನ್ನು 67 ಮಾಡಿದರೆ 'ಹಳೆಯದು' ಕೂಡ 67 ತೋರಿಸುತ್ತದೆ. ಎರರ್ ಬರುವುದಿಲ್ಲ, ಪ್ರೋಗ್ರಾಂ ನಿಲ್ಲುವುದಿಲ್ಲ. ಮೊದಲು ಎಷ್ಟು ಅಂಕ ಇತ್ತು ಎಂದು ಯಾರಾದರೂ ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ. ನಮಗೆ ಅದು ಪರದೆಯ ಮೇಲಿನ ಒಂದು ಸಂಖ್ಯೆ. ಆ ಅಂಕದ ಮೇಲೆ ಸೀಟು, ವಿದ್ಯಾರ್ಥಿವೇತನ ನಂಬಿಕೊಂಡವರಿಗೆ ಹಾಗಲ್ಲ.

ವಾಣಿಜ್ಯ ವಿಭಾಗದ ಗೆಳೆಯರಿಗೆ ಈ ವಿಚಾರ ಹೊಸದಲ್ಲ. ಲೆಕ್ಕದ ಪುಸ್ತಕದಲ್ಲಿ ತಪ್ಪು ನಮೂದಾದರೆ ಅದನ್ನು ಅಳಿಸಿ ತಿದ್ದುವುದಿಲ್ಲ. ಸರಿಪಡಿಸುವ ಇನ್ನೊಂದು ನಮೂದನ್ನು ಬರೆಯುತ್ತಾರೆ. ಹಳೆಯದೂ ಉಳಿಯುತ್ತದೆ, ತಿದ್ದಿದ್ದೂ ಕಾಣುತ್ತದೆ.

ಪ್ರೋಗ್ರಾಮಿಂಗ್ ಭಾಷೆಗಳೂ ಇದೇ ದಾರಿ ಹಿಡಿದಿವೆ. 1970ರ ಪ್ಯಾಸ್ಕಲ್‌ನ ರೆಕಾರ್ಡ್‌ನಲ್ಲಿ ಯಾವ ಫೀಲ್ಡನ್ನಾದರೂ ಬದಲಾಯಿಸಬಹುದಿತ್ತು. 2021ರಲ್ಲಿ ಜಾವಾ 16ರೊಂದಿಗೆ ಅಧಿಕೃತವಾಗಿ ಬಂದ ರೆಕಾರ್ಡ್‌ನ ಫೀಲ್ಡ್‌ಗೆ ಒಮ್ಮೆ ಕೊಟ್ಟ ಬೆಲೆಯ ಜಾಗದಲ್ಲಿ ಇನ್ನೊಂದನ್ನು ಇಡಲಾಗದು. ಪೈಥಾನ್‌ನಲ್ಲಿ ಟ್ಯೂಪಲ್ ಮೊದಲಿನಿಂದಲೂ ಇದೆ, 2018ರ 3.7 ಆವೃತ್ತಿಯಿಂದ 'ಫ್ರೋಜನ್' ಡೇಟಾಕ್ಲಾಸ್ ಕೂಡ ಇದೆ.

ಆದರೆ ಟ್ಯೂಪಲ್ ಬಳಸಿದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಟ್ಯೂಪಲ್ ಒಳಗೆ ಅಂಕಗಳ ಲಿಸ್ಟ್ ಇಟ್ಟರೆ ಆ ಲಿಸ್ಟ್ ಬದಲಾಗುತ್ತಲೇ ಇರುತ್ತದೆ. ಜಾವಾ ರೆಕಾರ್ಡ್‌ನ ಕಥೆಯೂ ಅಷ್ಟೇ. ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟ ಹಾಗೆ. ಹಾಗಾಗಿ ಒಳಗಿನ ಅಂಕಗಳೂ ಟ್ಯೂಪಲ್ ಆಗಿರಲಿ.

ಪ್ರತಿ ಬದಲಾವಣೆಗೂ ಹೊಸ ರೆಕಾರ್ಡ್ ಮಾಡಿದರೆ ಮೆಮೊರಿ ವ್ಯರ್ಥವಲ್ಲವೇ ಎಂದು ಕೆಲವರು ಕೇಳುತ್ತಾರೆ. ಲಕ್ಷಾಂತರ ಬಾರಿ ಬದಲಾಗುವ ಆಟದ ಸ್ಕೋರ್‌ಗೆ ಆ ಮಾತು ಒಪ್ಪೋಣ. ಅಲ್ಲಿ ಮ್ಯೂಟಬಲ್ ಆದದ್ದೇ ಅನುಕೂಲ. ಅರವತ್ತು ಮಂದಿಯ ತರಗತಿಯ ಅಂಕಪಟ್ಟಿಗೆ ಅದೊಂದು ಲೆಕ್ಕವೇ ಅಲ್ಲ.

ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೇ. ಪ್ರಾಜೆಕ್ಟ್ ಆರಂಭಿಸುವ ಮೊದಲು ಪ್ರತಿ ಫೀಲ್ಡ್‌ನ ಮುಂದೆ ಒಂದು ಪ್ರಶ್ನೆ ಬರೆದುಕೊಳ್ಳಿ: ಇದು ಬದಲಾಗಬೇಕೇ? ಬದಲಾದರೆ ಹಳೆಯದು ಯಾರಿಗಾದರೂ ಬೇಕಾದೀತೇ? ಬೇಕಾಗುತ್ತದೆ ಎಂದಾದರೆ ಹಳೆಯ ರೆಕಾರ್ಡನ್ನು ಮುಟ್ಟಬೇಡಿ, ಪಕ್ಕದಲ್ಲಿ ಹೊಸದೊಂದನ್ನು ಬರೆಯಿರಿ. ಅಧ್ಯಾಪಕರೂ ಪ್ರಾಜೆಕ್ಟ್ ನೋಡುವಾಗ ಈ ಪ್ರಶ್ನೆ ಕೇಳಿದರೆ ನಮಗೆ ಇನ್ನೂ ಒಳ್ಳೆಯದು.